ಕಿವಿ ಕಟ್ಟಿದಾಗ ಕೊಳ್ಳುವ ಸಾಮಾನುಗಳು: ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಕೆಲಸ ಕೆಡಿಸುತ್ತದೆ

ಕಿವಿಯ ಗುಗ್ಗೆ ಕರಗಿಸುವ ಯಾವ ಡ್ರಾಪ್ಸ್‌ನ ಬಗ್ಗೆಯಾದರೂ ಗ್ರಾಹಕರು ಬರೆದದ್ದನ್ನು ಓದಿ ನೋಡಿ. ಒಬ್ಬರು ಐದು ಸ್ಟಾರ್ ಕೊಟ್ಟು ಹೊಗಳಿರುತ್ತಾರೆ, ಅದರ ಕೆಳಗೇ ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟು ‘ದುಡ್ಡು ದಂಡ’ ಎಂದಿರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯವರ ಕಿವಿ ಕಟ್ಟಿದ್ದು ಗುಗ್ಗೆಯಿಂದ, ಎರಡನೆಯವರದು ನೆಗಡಿಯಿಂದ. ಬಾಟಲಿ ಅದೇ, ತೊಂದರೆ ಬೇರೆ. ಹಾಗಾಗಿ ಡ್ರಾಪ್ಸ್, ರಬ್ಬರ್ ಬಲ್ಬ್, ಕ್ಯಾಮೆರಾ ಕಡ್ಡಿ, ಮೂಗಿನ ಸ್ಪ್ರೇ ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವುದಕ್ಕೆ ಮುಂಚೆ ಕೇಳಬೇಕಾದದ್ದು ಒಂದೇ: ಅಡ್ಡಿ ಇರುವುದು ತಮಟೆಯ (ಕಿವಿಯ ದಾರಿಯ ಕೊನೆಯಲ್ಲಿರುವ ತೆಳು ಪೊರೆಯ) ಹೊರಗೋ, ಒಳಗೋ?

ಕಿವಿಯ ತೂತಿನಿಂದ ತಮಟೆಯವರೆಗಿನ ದಾರಿ ದೊಡ್ಡವರಲ್ಲಿ ಸುಮಾರು 2.5 ಸೆಂ.ಮೀ. ಉದ್ದ. ಅದರಲ್ಲಿ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಗುಗ್ಗೆ ಹುಟ್ಟುತ್ತದೆ. ಒಳಗಿನ ಮೂರನೇ ಎರಡು ಭಾಗ ಮೂಳೆಯ ಮೇಲೆ ಬಿಗಿಯಾಗಿ ಹೊದಿಸಿದ ತೆಳು ಚರ್ಮ. ಮುಟ್ಟಿದರೆ ನೋಯುತ್ತದೆ, ಸ್ವಲ್ಪ ಗೀಚಿದರೂ ರಕ್ತ ಬರುತ್ತದೆ. ಈ ಚರ್ಮ ತಮಟೆಯಿಂದ ಹೊರಬಾಗಿಲಿನ ಕಡೆಗೆ ನಿಧಾನಕ್ಕೆ ಸರಿಯುತ್ತಲೇ ಇರುತ್ತದೆ, ಜೊತೆಗೆ ಗುಗ್ಗೆಯನ್ನೂ ಹೊತ್ತು ತರುತ್ತದೆ. ಅಂದರೆ ತಮಟೆಯ ಹತ್ತಿರ ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಸಾಮಾನ್ಯವಾಗಿ ಅದನ್ನು ಯಾರೋ ಅಲ್ಲಿಗೆ ತಳ್ಳಿರುತ್ತಾರೆ. ಹೆಚ್ಚಿನ ಸಲ ಆ ‘ಯಾರೋ’ ಕಿವಿಯ ಮಾಲೀಕರೇ.

ತಮಟೆಯ ಒಳಗಿನ ಲೋಕವೇ ಬೇರೆ. ಅಲ್ಲಿ ಗಾಳಿ ತುಂಬಿದ ಸಣ್ಣ ಕೋಣೆ ಇದೆ. ಆ ಕೋಣೆಗೆ ಮೂಗಿನ ಹಿಂಭಾಗದಿಂದ ಯೂಸ್ಟೇಶಿಯನ್ ನಾಳ ಗಾಳಿ ಒದಗಿಸುತ್ತದೆ. ಆಕಳಿಸಿದಾಗ, ನುಂಗಿದಾಗ ಅದು ಕ್ಷಣಕಾಲ ತೆರೆದುಕೊಳ್ಳುತ್ತದೆ. ನೆಗಡಿ, ಅಲರ್ಜಿ, ಸೈನಸ್ ತೊಂದರೆಯಲ್ಲಿ ನಾಳದ ಬಾಯಿ ಊದಿಕೊಂಡರೆ ಒಳಗಿನ ಗಾಳಿಯನ್ನು ಸುತ್ತಲಿನ ಪೊರೆ ಹೀರಿಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ, ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಕಿವಿ ‘ಗುಂ’ ಎಂದು ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಎಷ್ಟು ಹನಿ ಬಿಟ್ಟರೂ ಅದು ಅಲ್ಲಿಗೆ ತಲುಪುವುದಿಲ್ಲ. ತಮಟೆ ತೂತಾಗಿದ್ದರೆ ತಲುಪುತ್ತದೆ, ಆದರೆ ಆಗ ತಲುಪಲೇಬಾರದು.

ಎರಡನ್ನೂ ಬೇರೆ ಮಾಡಿ ಗುರುತಿಸಲು ಕೆಲವು ಸುಳಿವುಗಳಿವೆ. ಸ್ನಾನ ಅಥವಾ ಈಜಿನ ನಂತರ ಒಂದೇ ಕಿವಿ ತಟ್ಟನೆ ಮುಚ್ಚಿಕೊಂಡಿತು, ನೋವಿಲ್ಲ, ಜ್ವರವಿಲ್ಲ ಎಂದರೆ ಬಹುಪಾಲು ಗುಗ್ಗೆಯೇ. ಮೊದಲೇ ಮುಕ್ಕಾಲು ಪಾಲು ಮುಚ್ಚಿದ್ದ ದಾರಿಯಲ್ಲಿ ನೀರು ಕುಡಿದ ಗುಗ್ಗೆ ಊದಿಕೊಂಡು ಉಳಿದ ಸಂದನ್ನೂ ಮುಚ್ಚಿರುತ್ತದೆ. ನೆಗಡಿ ಬಂದು ಎರಡು ಮೂರು ದಿನಕ್ಕೆ ಕಟ್ಟಿತು, ನುಂಗುವಾಗ ‘ಟಕ್’ ಎನ್ನುತ್ತದೆ, ಒಮ್ಮೆ ತೆರೆದು ಮತ್ತೆ ಮುಚ್ಚುತ್ತದೆ ಎಂದರೆ ನಾಳದ ತೊಂದರೆ. ವಿಮಾನ ಇಳಿಯುವಾಗ, ಘಾಟಿ ಇಳಿಯುವಾಗ ಕಟ್ಟಿದ್ದೂ ಅದೇ ಪಂಗಡ. ಕಿವಿ ತೂತಿನ ಮುಂದಿರುವ ಪುಟ್ಟ ಗುಬುಟನ್ನು ಒತ್ತಿದರೆ ಅಥವಾ ಕಿವಿ ಹಾಲೆ ಎಳೆದರೆ ಜೀವ ಹೋಗುವಷ್ಟು ನೋವಾಗುತ್ತದೆ, ಜೊತೆಗೆ ತುರಿಕೆ, ಕೀವು ಇದೆ ಎಂದರೆ ಹೊರಕಿವಿಯ ಸೋಂಕು. ಚರ್ಮವೇ ಊದಿಕೊಂಡು ದಾರಿ ಮುಚ್ಚಿರುತ್ತದೆ. ಈ ಮೂರನೆಯದಕ್ಕೆ ಮನೆಮದ್ದು ಇಲ್ಲ. ವೈದ್ಯರು ಬರೆದುಕೊಡುವ ಸೋಂಕಿನ ಹನಿಯೇ ಬೇಕು, ನೀರು ಸೋಕಿಸಲೇಬಾರದು.

ನಾಲ್ಕನೆಯದೂ ಒಂದಿದೆ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಬೆಳಗ್ಗೆ ಎದ್ದಾಗ ಒಂದು ಕಿವಿ ಕಟ್ಟಿದ ಹಾಗೆ ಅನಿಸುತ್ತದೆ, ನೆಗಡಿಯಿಲ್ಲ, ನೀರು ಹೋಗಿಲ್ಲ, ಒಳಗೆ ‘ಸುಂಯ್’ ಎಂಬ ಸದ್ದು, ಕೆಲವರಿಗೆ ತಲೆಸುತ್ತು. ಇದು ಒಳಕಿವಿಯ ನರದ ಕಡೆಯ ದಿಢೀರ್ ಶ್ರವಣದೋಷ ಇರಬಹುದು. 72 ಗಂಟೆಯೊಳಗೆ ಬಂದು, ಸಾಲಾಗಿ ಮೂರು ಆವರ್ತನಗಳಲ್ಲಿ 30 ಡೆಸಿಬೆಲ್ ಅಥವಾ ಹೆಚ್ಚು ಕುಸಿದಿದ್ದರೆ ವೈದ್ಯರು ಅದನ್ನು ಈ ಹೆಸರಿನಿಂದ ಗುರುತಿಸುತ್ತಾರೆ. ಇದಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಎರಡು ವಾರ ದಾಟಿದರೆ ಫಲ ಸಿಗುವ ಸಾಧ್ಯತೆ ಬಹಳ ಕಡಿಮೆ. ಆ ಎರಡು ವಾರವನ್ನು ಗುಗ್ಗೆ ಡ್ರಾಪ್ಸ್ ಹಾಕಿಕೊಂಡು ಕಳೆಯುವವರು ಬೇಕಾದಷ್ಟಿದ್ದಾರೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ: ಬಾಯಿ ಮುಚ್ಚಿ ‘ಹ್ಮ್‌ಮ್’ ಎಂದು ಗಟ್ಟಿಯಾಗಿ ಗುನುಗಿ. ಸದ್ದು ಕಟ್ಟಿದ ಕಿವಿಯಲ್ಲಿ ಜೋರಾಗಿ ಕೇಳಿಸಿದರೆ ಅಡ್ಡಿ ಗುಗ್ಗೆಯದೋ ನೀರಿನದೋ ನಾಳದ್ದೋ ಆಗಿರುತ್ತದೆ. ನಂಬಿಕೆ ಬಾರದಿದ್ದರೆ ಚೆನ್ನಾಗಿರುವ ಕಿವಿಯನ್ನು ಬೆರಳಿನಿಂದ ಮುಚ್ಚಿ ಗುನುಗಿ ನೋಡಿ, ಸದ್ದು ಆ ಕಡೆಗೇ ಓಡುತ್ತದೆ. ಕಟ್ಟಿದ ಕಿವಿ ಬಿಟ್ಟು ಒಳ್ಳೆಯ ಕಿವಿಯಲ್ಲೇ ಜೋರಾಗಿ ಕೇಳಿಸಿದರೆ ಏನನ್ನೂ ಕೊಳ್ಳಬೇಡಿ, ಅವತ್ತೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ ಆಡಿಯೋಗ್ರಾಂ (ಶ್ರವಣ ಪರೀಕ್ಷೆ) ಮಾಡಿಸಿ. ವೈದ್ಯರು 512 ಹರ್ಟ್ಜ್ ಶ್ರುತಿಕವೆಯನ್ನು (ತಟ್ಟಿದರೆ ಸದ್ದು ಮಾಡುವ ಲೋಹದ ಕವೆ, ಟ್ಯೂನಿಂಗ್ ಫೋರ್ಕ್) ಹಣೆಯ ಮೇಲಿಟ್ಟು ಮಾಡುವುದೂ ಇದನ್ನೇ. ಗುನುಗಿನ ಪರೀಕ್ಷೆ ನೂರಕ್ಕೆ ನೂರು ನಿಖರವಲ್ಲ. ಗುಗ್ಗೆಯೇ ಎಂದು ತೋರಿದರೂ ಕೇಳಿಸುವುದು ತೀರಾ ಕುಸಿದಿದ್ದರೆ ಅಥವಾ ತಲೆ ತಿರುಗುತ್ತಿದ್ದರೆ ಕಾಯಬೇಡಿ.

ಇನ್ನು ಸಾಮಾನುಗಳ ವಿಷಯ.

ಗುಗ್ಗೆ ಕರಗಿಸುವ ಡ್ರಾಪ್ಸ್

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ. ಬ್ರ್ಯಾಂಡಿನ ಹೆಸರಿಗಿಂತ ಡಬ್ಬಿಯ ಹಿಂದಿನ ಸಣ್ಣಕ್ಷರ ಓದುವುದು ಲೇಸು.

ಒಂದು, ಕಾರ್ಬಮೈಡ್ ಪೆರಾಕ್ಸೈಡ್ 6.5%. ಒಳಗೆ ಹೋದ ಮೇಲೆ ನೊರೆಯೆದ್ದು ಗುಗ್ಗೆಯನ್ನು ಸಡಿಲಿಸುತ್ತದೆ. ‘ಚರಚರ’ ಎಂದು ಸದ್ದು ಬರುತ್ತದೆ, ಗಾಬರಿ ಬೇಡ. ದೊಡ್ಡವರಿಗೆ ಒಂದು ಸಲಕ್ಕೆ 5ರಿಂದ 10 ಹನಿ, ದಿನಕ್ಕೆ ಎರಡು ಸಲ, ಹೆಚ್ಚೆಂದರೆ 4 ದಿನ. 12 ವರ್ಷದೊಳಗಿನ ಮಕ್ಕಳಿಗೆ ವೈದ್ಯರನ್ನು ಕೇಳದೆ ಹಾಕಬಾರದು. ನಾಲ್ಕು ದಿನ ದಾಟಿಸಿ ಹಾಕುತ್ತಾ ಹೋದರೆ ಚರ್ಮ ಕೆರಳುತ್ತದೆ, ಆಮೇಲೆ ಬರುವ ತುರಿಕೆಗೆ ಮತ್ತೊಂದು ಬಾಟಲಿ ಹುಡುಕಬೇಕಾಗುತ್ತದೆ.

ಎರಡು, ಸೋಡಿಯಂ ಬೈಕಾರ್ಬೊನೇಟ್ 5%. ಹೆಸರಿನಲ್ಲಿ ಏನೂ ಆಕರ್ಷಣೆ ಇಲ್ಲ, ಪ್ಯಾಕಿಂಗೂ ಸಪ್ಪೆ, ಕೆಲಸ ಮಾತ್ರ ಅಚ್ಚುಕಟ್ಟು. ಗುಗ್ಗೆ ಬರೀ ಜಿಡ್ಡಲ್ಲ. ಅದರ ದೊಡ್ಡ ಪಾಲು ಉದುರಿದ ಚರ್ಮದ ಪದರಗಳು. ನೀರಿನಂಶವಿರುವ ಈ ದ್ರಾವಣ ಆ ಪದರಗಳ ನಡುವೆ ಇಳಿದು ಉಂಡೆಯನ್ನೇ ಒಡೆಯುತ್ತದೆ. 3–4 ಹನಿ, ದಿನಕ್ಕೆ 3–4 ಸಲ, 3ರಿಂದ 5 ದಿನ ಸಾಕು. ಒಣಚರ್ಮದವರಿಗೆ ಸ್ವಲ್ಪ ಉರಿ, ತುರಿಕೆ ಆಗಬಹುದು.

ಮೂರು, ಎಣ್ಣೆಗಳು: ಆಲಿವ್ ಎಣ್ಣೆ, ಬಾದಾಮಿ ಎಣ್ಣೆ, ಖನಿಜ ಎಣ್ಣೆ. ಇವು ಗುಗ್ಗೆಯನ್ನು ಒಡೆಯುವುದಿಲ್ಲ, ಜಾರುವಂತೆ ಮಾಡುತ್ತವೆ ಅಷ್ಟೆ. ಚರ್ಮಕ್ಕೆ ಎಲ್ಲಕ್ಕಿಂತ ಹಿತ, ಹಾಗೇ ಎಲ್ಲಕ್ಕಿಂತ ನಿಧಾನ. 2–3 ಹನಿ, ದಿನಕ್ಕೆ ಎರಡು ಸಲ, ಒಂದೆರಡು ವಾರದವರೆಗೂ ಹಾಕಬಹುದು. ಬಾದಾಮಿಯಂಥ ಬೀಜಗಳ ಅಲರ್ಜಿ ಇರುವವರು ಬಾದಾಮಿ ಎಣ್ಣೆ ಮುಟ್ಟಬಾರದು. ಎಣ್ಣೆಯನ್ನು ಒಲೆಯ ಮೇಲೆ ಕಾಯಿಸಿ ಹಾಕುವುದು ಬೇಡವೇ ಬೇಡ. ಬೆರಳಿಗೆ ‘ಹದವಾಗಿದೆ’ ಅನಿಸುವ ಬಿಸಿ ತಮಟೆಗೆ ಸುಡುವ ಬಿಸಿಯಾಗಿರಬಹುದು.

ನಾಲ್ಕು, ಪ್ಯಾರಾಡೈಕ್ಲೋರೋಬೆಂಜೀನ್, ಟರ್ಪೆಂಟೈನ್ ಎಣ್ಣೆ ಇತ್ಯಾದಿ ಸೇರಿಸಿದ ಮಿಶ್ರಣಗಳು. ನೋವು ಮರಗಟ್ಟಿಸಲು ಬೆಂಜೊಕೇನ್ ಕೂಡ ಹಾಕಿರುತ್ತಾರೆ. ಗಟ್ಟಿ ಗುಗ್ಗೆಗೆ ಖಡಕ್ಕಾಗಿ ಕೆಲಸ ಮಾಡುತ್ತದೆ ಎಂಬ ಹೆಸರು ಇದಕ್ಕಿದೆ. ನಮ್ಮ ತಕರಾರು ಇರುವುದು ಆ ಮರಗಟ್ಟಿಸುವ ಅಂಶದ ಬಗ್ಗೆಯೇ. ಕಿವಿಯಲ್ಲಿ ನೋವು ಎನ್ನುವುದು ‘ಇಲ್ಲಿ ಬೇರೇನೋ ಆಗಿದೆ, ನಿಲ್ಲಿಸು’ ಎಂಬ ಸೂಚನೆ. ಅದನ್ನೇ ಮುಚ್ಚಿಹಾಕಿದರೆ ಸೋಂಕು ಇದ್ದದ್ದು ಗೊತ್ತಾಗುವುದು ತಡವಾಗುತ್ತದೆ.

ಇವುಗಳಲ್ಲಿ ಯಾವುದು ಗೆಲ್ಲುತ್ತದೆ? ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2018ರ ಪರಾಮರ್ಶೆ ಲಭ್ಯವಿದ್ದ ಪ್ರಯೋಗಗಳನ್ನೆಲ್ಲ ಜೋಡಿಸಿ ನೋಡಿದಾಗ, ಒಂದು ಬಗೆಯ ಡ್ರಾಪ್ಸ್ ಇನ್ನೊಂದಕ್ಕಿಂತ ಮೇಲು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಬರೀ ನೀರು, ಉಪ್ಪುನೀರಿನ ಹನಿ ಕೂಡ ಔಷಧಿಗಿಂತ ಕಡಿಮೆ ಎಂದು ತೋರಲಿಲ್ಲ. ಆದ್ದರಿಂದ ಆಯ್ಕೆಗೆ ಅಳತೆಗೋಲು ಚರ್ಮಕ್ಕೆ ಯಾವುದು ಹಿತ ಎಂಬುದೇ. ನಮ್ಮ ಮೊದಲ ಮತ ಬೈಕಾರ್ಬೊನೇಟ್‌ಗೆ. ಎಕ್ಸಿಮಾ, ಸೋರಿಯಾಸಿಸ್ ಇರುವವರಿಗೆ ಆಲಿವ್ ಎಣ್ಣೆ.

ಡ್ರಾಪ್ಸ್ ಸೋಲುವುದು ಹೆಚ್ಚಾಗಿ ಹಾಕುವ ರೀತಿಯಲ್ಲಿ. ಬಾಟಲಿಯನ್ನು ಐದು ನಿಮಿಷ ಮುಷ್ಟಿಯಲ್ಲಿ ಹಿಡಿದು ಮೈಬಿಸಿಗೆ ತನ್ನಿ. ತಣ್ಣನೆಯ ಹನಿ ಬಿದ್ದರೆ ಒಳಕಿವಿಯ ದ್ರವ ಅಲುಗಿ ತಲೆ ಗಿರ್ರೆನ್ನುತ್ತದೆ. ಕಟ್ಟಿದ ಕಿವಿ ಮೇಲೆ ಬರುವಂತೆ ಮಗ್ಗುಲಾಗಿ ಮಲಗಿ. ದೊಡ್ಡವರಾದರೆ ಕಿವಿಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ ಎಳೆಯಬೇಕು, ಪುಟ್ಟ ಮಕ್ಕಳಾದರೆ ಕೆಳಕ್ಕೆ ಮತ್ತು ಹಿಂದಕ್ಕೆ. ವಕ್ರವಾದ ದಾರಿ ಆಗ ನೇರವಾಗುತ್ತದೆ. ಹನಿ ನಟ್ಟನಡುವೆ ಬಿದ್ದರೆ ಅಡಿಯಲ್ಲಿರುವ ಗಾಳಿ ಸಿಕ್ಕಿಕೊಂಡು ಹನಿ ಮೇಲೇ ಗುಳ್ಳೆಯಾಗಿ ನಿಲ್ಲುತ್ತದೆ. ಅದಕ್ಕೇ ಗೋಡೆಗೆ ತಾಗಿಸಿ ಇಳಿಯಲು ಬಿಡಿ, ಆಮೇಲೆ ಆ ಮುಂದಿನ ಗುಬುಟನ್ನು ಐದಾರು ಸಲ ಮೆಲ್ಲಗೆ ಒತ್ತಿ ಬಿಡಿ. ಡ್ರಾಪರ್ ತುದಿ ಕಿವಿಗೆ ತಾಗಬಾರದು. ಹಾಗೇ 5ರಿಂದ 10 ನಿಮಿಷ ಮಲಗಿರಬೇಕು. ಹಾಕಿದ ತಕ್ಷಣ ಎದ್ದು ಹತ್ತಿ ತುರುಕಿಕೊಂಡರೆ ಔಷಧಿ ಹತ್ತಿಗೆ ಹೋಗುತ್ತದೆ, ಗುಗ್ಗೆಗೆ ಹೋಗುವುದಿಲ್ಲ.

ಮೊದಲ ಒಂದೆರಡು ದಿನ ಕಿವಿ ಇನ್ನಷ್ಟು ಕಟ್ಟಿದಂತಾಗುವುದು ಸಹಜ. ಗುಗ್ಗೆ ನೆನೆದು ಊದಿರುತ್ತದೆ. ಒಂದು ಸ್ಟಾರ್ ಕೊಡುವವರಲ್ಲಿ ಎಷ್ಟೋ ಜನ ಇಲ್ಲೇ ಕೈಬಿಟ್ಟಿರುತ್ತಾರೆ. ಸಂಜೆ ಹೊತ್ತು ಅಥವಾ ರಜೆಗೆ ಮುಂಚೆ ಶುರುಮಾಡಿದರೆ ಕಚೇರಿಯಲ್ಲಿ ಕಿವುಡರಂತೆ ಕೂರುವುದು ತಪ್ಪುತ್ತದೆ.

ತಮಟೆ ತೂತಾಗಿದೆ ಎಂದು ಯಾವತ್ತಾದರೂ ವೈದ್ಯರು ಹೇಳಿದ್ದರೆ, ಕಿವಿಗೆ ಶಸ್ತ್ರಚಿಕಿತ್ಸೆ ಆಗಿದ್ದರೆ, ತಮಟೆಯಲ್ಲಿ ಗ್ರಾಮೆಟ್ (ಒಳಗೆ ಗಾಳಿಯಾಡಲು ವೈದ್ಯರು ಕೂರಿಸುವ ಪುಟ್ಟ ಕೊಳವೆ) ಇದ್ದರೆ, ಕಿವಿ ಸೋರುತ್ತಿದ್ದರೆ ಮೇಲಿನ ಯಾವುದನ್ನೂ ವೈದ್ಯರನ್ನು ಕೇಳದೆ ಹಾಕಬಾರದು. ಹನಿ ಹಾಕಿದ ಕೂಡಲೇ ಗಂಟಲಿನಲ್ಲಿ ಅದರ ರುಚಿ ಬಂದರೆ ತಮಟೆಯಲ್ಲಿ ತೂತಿದೆ ಎಂದೇ ಅರ್ಥ. ಅಲ್ಲಿಗೇ ನಿಲ್ಲಿಸಿ.

ರಬ್ಬರ್ ಬಲ್ಬ್ ಸಿರಿಂಜ್

ನೋಡಲು ಆಟಿಕೆಯಂತಿದ್ದರೂ ಮನೆಬಳಕೆಯ ಸಾಮಾನುಗಳಲ್ಲಿ ನಮಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಕಾರಣ ಸರಳ: ಮೆತ್ತನೆಯ ರಬ್ಬರನ್ನು ಕೈಯಲ್ಲಿ ಹಿಚುಕಿ ಹುಟ್ಟಿಸಬಹುದಾದ ಒತ್ತಡಕ್ಕೆ ಒಂದು ಮಿತಿ ಇದೆ. ಕೊಳ್ಳುವಾಗ ನೋಡಬೇಕಾದದ್ದು ಮೂರು. ತುದಿ ಮೃದುವಾಗಿರಬೇಕು, ತುದಿಯ ಬುಡ ಅಗಲವಾಗಿದ್ದು ಕಿವಿಯೊಳಗೆ ಜಾಸ್ತಿ ಹೋಗದಂತಿರಬೇಕು, 30ರಿಂದ 60 ಮಿ.ಲೀ. ನೀರು ಹಿಡಿಯಬೇಕು. ಮೂಗು ಸೀಟಲು ಮಕ್ಕಳಿಗೆ ಬಳಸುವ ಗಿಡ್ಡ ತುದಿಯ ಬಲ್ಬ್ ಇದಕ್ಕೆ ಆಗುವುದಿಲ್ಲ, ನೀರು ಹರಡಿ ಚೆಲ್ಲುತ್ತದೆ.

3–5 ದಿನ ಡ್ರಾಪ್ಸ್ ಹಾಕಿ ಮೆತ್ತಗಾದ ಗುಗ್ಗೆಗೆ ಮಾತ್ರ ಇದು. ಒಣ ಗುಗ್ಗೆಯ ಮೇಲೆ ನೀರು ಬಿಟ್ಟರೆ ಬಿರಡೆ ಇನ್ನಷ್ಟು ಬಿಗಿಯಾಗುತ್ತದೆ. ನೀರು ಕುದಿಸಿ ಆರಿಸಿದ್ದು, 37 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಥರ್ಮಾಮೀಟರ್ ಇದ್ದರೆ ಅಳೆಯಿರಿ. ಇಲ್ಲವಾದರೆ ಮಣಿಕಟ್ಟಿನ ಒಳಗೆ ಬಿಟ್ಟಾಗ ಬಿಸಿಯೂ ಅಲ್ಲ, ತಂಪೂ ಅಲ್ಲ ಅನಿಸಬೇಕು. ಮೈಬಿಸಿಗಿಂತ ಕೆಲವೇ ಡಿಗ್ರಿ ಆಚೀಚೆಯಾದರೂ ತಲೆ ತಿರುಗಿ ವಾಂತಿ ಬರಬಹುದು, ಆದ್ದರಿಂದ ನಿಂತು ಮಾಡಬೇಡಿ.

ಕುರ್ಚಿಯ ಮೇಲೆ ನೇರ ಕೂತು, ಕಿವಿಯ ಕೆಳಗೆ ಒಂದು ಬಟ್ಟಲು ಒತ್ತಿ ಹಿಡಿಯಿರಿ. ಬಲ್ಬಿನಲ್ಲಿ ನೀರು ತುಂಬಿ, ತುದಿ ಮೇಲೆ ಮಾಡಿ ಉಳಿದ ಗಾಳಿಯನ್ನು ಹೊರಹಾಕಿ. ಗಾಳಿ ಉಳಿದರೆ ಕಿವಿಯೊಳಗೆ ಪಟಾಕಿ ಹೊಡೆದಂತೆ ಸದ್ದಾಗುತ್ತದೆ. ಕಿವಿಯನ್ನು ಮೇಲಕ್ಕೆ–ಹಿಂದಕ್ಕೆ ಎಳೆದು, ತುದಿಯನ್ನು ಬಾಗಿಲಲ್ಲೇ ಇಟ್ಟು, ಮೇಲಿನ ಹಿಂಗೋಡೆಯ ಕಡೆಗೆ ಗುರಿ ಮಾಡಿ ಮೆಲ್ಲಗೆ ಹಿಚುಕಿ. ನೇರ ಒಳಕ್ಕೆ ಬಿಟ್ಟರೆ ನೀರು ಗುಗ್ಗೆಯನ್ನು ತಮಟೆಗೇ ತಳ್ಳುತ್ತದೆ. ಗೋಡೆಗುಂಟ ಬಿಟ್ಟರೆ ಗುಗ್ಗೆಯ ಹಿಂದೆ ನುಗ್ಗಿ, ವಾಪಸು ಬರುವಾಗ ಅದನ್ನೂ ಎಳೆದು ತರುತ್ತದೆ. ತೂತನ್ನು ತುದಿಯಿಂದ ಪೂರ್ತಿ ಮುಚ್ಚಬಾರದು, ನೀರು ಹೊರಬರಲು ಸಂದು ಇರಲೇಬೇಕು. ಮೊದಲ ಸಲ ಬಟ್ಟಲಿಗೆ ಬರುವುದು ಬರೀ ಕಂದು ಬಣ್ಣದ ನೀರು. ಮೂರನೆಯದೋ ನಾಲ್ಕನೆಯದೋ ಬಲ್ಬಿಗೆ ಜೋಳದ ಕಾಳಿನಷ್ಟು ಗಾತ್ರದ, ಒಂದು ಬದಿ ನಯವಾಗಿ ಇನ್ನೊಂದು ಬದಿ ಸಿಪ್ಪೆಯೆದ್ದ ಚೂರು ಬಿದ್ದರೆ ಕಿವಿ ಒಮ್ಮೆಲೇ ತೆರೆದುಕೊಳ್ಳುತ್ತದೆ.

ನಾಲ್ಕೈದು ಬಲ್ಬಿಗೂ ಬರಲಿಲ್ಲವೇ? ಕಿವಿಯಲ್ಲಿ ನೀರು ತುಂಬಿ 15 ನಿಮಿಷ ಮಗ್ಗುಲಾಗಿ ಮಲಗಿ, ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ಬರದಿದ್ದರೆ ಅವತ್ತಿಗೆ ಬಿಡಿ, ಇನ್ನೂ ಒಂದೆರಡು ದಿನ ಹನಿ ಹಾಕಿ. ನೋವಾದರೆ, ರಕ್ತ ಕಂಡರೆ, ತಲೆಸುತ್ತು ಬಂದರೆ ಅಲ್ಲಿಗೇ ಮುಗಿಸಿ. ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿರುವವರು ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಕ್ಷೇಮ. ಅವರಲ್ಲಿ ಒದ್ದೆಯಾದ, ಗೀರಿದ ಚರ್ಮದಿಂದ ಶುರುವಾದ ಸೋಂಕು ಮೂಳೆಗೇ ಇಳಿಯಬಹುದು. ಒಂದೇ ಕಿವಿ ಕೇಳಿಸುವವರೂ ಅಷ್ಟೆ, ಇರುವ ಒಂದನ್ನು ಪಣಕ್ಕಿಡಬಾರದು.

ಈ ಬಲ್ಬಿನ ದೊಡ್ಡ ಕುಂದು ಅದರ ಹೊಟ್ಟೆ. ಒಳಗೆ ಒರೆಸಲು ಆಗುವುದಿಲ್ಲ, ಉಳಿದ ತೇವಕ್ಕೆ ಕಪ್ಪು ಬೂಷ್ಟು ಕಟ್ಟುತ್ತದೆ. ಬಳಸಿದ ಮೇಲೆ ಬಿಸಿನೀರು ಎಳೆದು ಬಿಟ್ಟು, ಪೂರ್ತಿ ಹಿಚುಕಿ, ತುದಿ ಕೆಳಗೆ ಮಾಡಿ ಒಣಗಿಸಬೇಕು. ಹಿಚುಕಿದಾಗ ಕಪ್ಪು ಚೂರು ಬಂದರೆ ಕಸದಬುಟ್ಟಿಗೆ ಹಾಕಿ. ಇನ್ನೊಂದು ಮಾತು: ಹಲ್ಲಿನ ಸಂದು ತೊಳೆಯುವ ವಿದ್ಯುತ್ ಯಂತ್ರವನ್ನು ‘ಕಿವಿಗೂ ಆಗುತ್ತದೆ’ ಎಂದು ಬಳಸುವವರಿದ್ದಾರೆ. ಅದರ ಧಾರೆ ತಮಟೆ ಹರಿಯುವಷ್ಟು ಬಿರುಸಾಗಿರಬಹುದು. ಬೇಡ.

ಕಡ್ಡಿ, ಕ್ಯಾಮೆರಾ, ಸುರುಳಿ, ಮೇಣದಬತ್ತಿ

ಹತ್ತಿ ಸುತ್ತಿದ ಇಯರ್ ಬಡ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತುದಿಗೆ ಅಂಟಿದ ಹಳದಿ ನೋಡಿ ಕಿವಿ ಸ್ವಚ್ಛವಾಯಿತು ಅನಿಸುತ್ತದೆ. ಅಂಟಿದ್ದರ ಎಷ್ಟೋ ಪಟ್ಟು ಒಳಕ್ಕೆ ಹೋಗಿರುತ್ತದೆ. ಹೊರಗಿವಿಯ ಮಡಿಕೆ ಒರೆಸಲು ಚೆನ್ನಾಗಿದೆ, ತೂತಿನೊಳಗೆ ಬೇಡ.

ಕ್ಯಾಮೆರಾ ಇರುವ ಕಡ್ಡಿ ಈಗಿನ ಹೊಸ ಹುಚ್ಚು. ಮೊಬೈಲಿಗೆ ಜೋಡಿಸಿದರೆ ಕಿವಿಯ ಒಳಗೆಲ್ಲ ಕಾಣುತ್ತದೆ, ತುದಿಯಲ್ಲಿ ಪುಟ್ಟ ಚಮಚ. ನೋಡುವ ಸಾಧನವಾಗಿ ನಮಗೆ ಇದು ಇಷ್ಟ. ಗುಗ್ಗೆ ಇದೆಯೋ ಇಲ್ಲವೋ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಕಂದು ಅಥವಾ ಕಪ್ಪು ಗೋಡೆ ಕಂಡರೆ ಗುಗ್ಗೆ. ಮುತ್ತಿನಂಥ ಬೂದು ಪೊರೆ, ಕೆಳಗೆ ಮುಂಭಾಗದಲ್ಲಿ ಬೆಳಕಿನ ತ್ರಿಕೋನ ಕಂಡರೆ ಅದೇ ತಮಟೆ, ದಾರಿ ತೆರವಾಗಿದೆ. ಹಾಗಿದ್ದೂ ಕಿವಿ ಕಟ್ಟಿದೆ ಎಂದರೆ ಗುಗ್ಗೆ ಡ್ರಾಪ್ಸ್‌ನ ಕೆಲಸ ಅಲ್ಲಿಲ್ಲ. ಒಂದು ಫೋಟೋ ತೆಗೆದಿಟ್ಟುಕೊಂಡರೆ ವೈದ್ಯರಿಗೂ ತೋರಿಸಬಹುದು.

ತೆಗೆಯುವ ಸಾಧನವಾಗಿ ಮಾತ್ರ ಇದಕ್ಕೆ ಪಾಸ್ ಮಾರ್ಕೂ ಇಲ್ಲ. ಪರದೆಯ ಚಿತ್ರದಲ್ಲಿ ಆಳ ತಿಳಿಯುವುದಿಲ್ಲ. ಗುಗ್ಗೆಯ ಹಿಂದೆ ತಮಟೆ ಎಷ್ಟು ಹತ್ತಿರ ಇದೆ ಎಂಬುದು ಚಮಚ ತಾಗಿದ ಮೇಲೇ ಗೊತ್ತಾಗುವುದು. ಕೈ ಎಡಕ್ಕೆ ಸರಿದರೆ ಚಿತ್ರ ಇನ್ನೆತ್ತಲೋ ಸರಿಯುತ್ತದೆ. ಕಿವಿಯ ದಾರಿಯೇ ಸುಮಾರು 7 ಮಿ.ಮೀ. ಅಗಲ, 3–4 ಮಿ.ಮೀ. ದಪ್ಪದ ಲೆನ್ಸ್ ಒಳಗೆ ಹೋದ ಮೇಲೆ ಚಮಚ ಅಲುಗಾಡಿಸಲು ಉಳಿಯುವ ಜಾಗ ಎಷ್ಟು? ಯಾರಾದರೂ ಮೊಣಕೈ ತಾಗಿಸಿದರೆ ಮುಗಿಯಿತು. ಚಮಚ ಕಳಚಿಟ್ಟು ಬರೀ ಕ್ಯಾಮೆರಾ ಬಳಸುವುದಾದರೆ ಕೊಳ್ಳಿ.

ಸ್ಕ್ರೂ ಆಕಾರದ ಸಿಲಿಕೋನ್ ಸುರುಳಿ ಬಾಗಿಲಲ್ಲಿರುವ ಮೆತ್ತನೆಯ ಗುಗ್ಗೆಯನ್ನಷ್ಟೇ ಹಿಡಿಯುತ್ತದೆ, ಅದು ಹೇಗೂ ತಾನೇ ಬೀಳುವಂಥದ್ದು. ತುದಿ ಕಳಚಿ ಒಳಗೇ ಉಳಿದರೆ ಅದೊಂದು ಹೊಸ ತಾಪತ್ರಯ. ಬ್ಯಾಟರಿಯ ‘ಇಯರ್ ವ್ಯಾಕ್ಯೂಮ್’ ಸದ್ದಿಗೆ ತಕ್ಕ ಎಳೆತ ಅದರಲ್ಲಿಲ್ಲ. ಆಸ್ಪತ್ರೆಯ ಸಕ್ಷನ್ ಯಂತ್ರದ ಹೆಸರಿನಲ್ಲಿ ಮಾರಾಟವಾಗುವ ಆಟದ ಸಾಮಾನು.

ಇಯರ್ ಕ್ಯಾಂಡಲ್ ಎಂಬ ಪೊಳ್ಳು ಮೇಣದಬತ್ತಿಗೆ ಇಲ್ಲಿ ಕೊಡುವ ಅಂಕ ಸೊನ್ನೆ. ಉರಿಯುವಾಗ ಗುಗ್ಗೆಯನ್ನು ಮೇಲಕ್ಕೆ ಹೀರುತ್ತದೆ ಎಂಬುದು ಮಾರುವವರ ವಾದ. 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒತ್ತಡ ಅಳೆದು ನೋಡಿದಾಗ ಹೀರುವಿಕೆ ಹುಟ್ಟಲೇ ಇಲ್ಲ, ಗುಗ್ಗೆಯೂ ಹೊರಬರಲಿಲ್ಲ, ಬದಲಿಗೆ ಕೆಲವು ಕಿವಿಗಳಲ್ಲಿ ಮೇಣ ಬಿದ್ದಿತ್ತು. ಉರಿದ ಬತ್ತಿಯನ್ನು ಸೀಳಿದಾಗ ಕಾಣುವ ಕಂದು ಪುಡಿ ಬತ್ತಿಯದೇ ಮೇಣ ಮತ್ತು ಮಸಿ. ಗಾಳಿಯಲ್ಲಿ ಹಿಡಿದು ಉರಿಸಿದರೂ ಅಷ್ಟೇ ಬರುತ್ತದೆ, ಬೇಕಾದರೆ ಮಾಡಿ ನೋಡಿ. ಮುಖ ಸುಟ್ಟುಕೊಂಡವರು, ತಮಟೆ ತೂತು ಮಾಡಿಕೊಂಡವರು ಇರುವುದರಿಂದ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಇದನ್ನು ಬಳಸಬೇಡಿ ಎಂದೇ ಎಚ್ಚರಿಸಿದೆ.

ನೀರು ನಿಂತಿದ್ದರೆ

ಗುಗ್ಗೆ ಇಲ್ಲ, ಬರೀ ನೀರು ‘ಗುಳುಗುಳು’ ಎನ್ನುತ್ತಿದೆ ಎಂದರೆ ಏನನ್ನೂ ಕೊಳ್ಳದೆ ಮೊದಲು ತಲೆ ವಾಲಿಸಿ ಕಿವಿ ಹಾಲೆಯನ್ನು ಎಲ್ಲ ದಿಕ್ಕಿಗೂ ಎಳೆದಾಡಿ. ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿ ಒಂದು ಅಡಿ ದೂರ ಹಿಡಿದರೆ ಉಳಿದದ್ದು ಆರುತ್ತದೆ. ಈಜುಗಾರರಿಗೆಂದು ಮಾರುವ ಒಣಗಿಸುವ ಹನಿಯಲ್ಲಿ ಇರುವುದು ಆಲ್ಕೋಹಾಲ್ ಅಥವಾ ಅಸಿಟಿಕ್ ಆಮ್ಲ. ತಮಟೆ ಗಟ್ಟಿಯಿದ್ದರೆ ಒಳ್ಳೆಯದೇ. ಗೀರಿದ ಚರ್ಮಕ್ಕೆ ಬಿದ್ದರೆ ಕಣ್ಣಲ್ಲಿ ನೀರು ಬರುತ್ತದೆ.

ಮೂಗಿನ ಕಡೆಯ ಸಾಮಾನುಗಳು

ನೆಗಡಿಯಿಂದ ಕಟ್ಟಿದ ಕಿವಿಗೆ ಬಾಗಿಲು ಮೂಗು. ಉಪ್ಪುನೀರಿನ ತೊಳೆತ ಸುರಕ್ಷಿತ ಆರಂಭ: ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ 4.5 ಗ್ರಾಂ ಉಪ್ಪು, ಅಂದರೆ ಮುಕ್ಕಾಲು ಟೀ ಚಮಚ. ನಲ್ಲಿ ನೀರನ್ನು ಹಾಗೇ ಮೂಗಿಗೆ ಏರಿಸಬಾರದು. ಅಪರೂಪಕ್ಕಾದರೂ ಅದರಲ್ಲಿರುವ ಅಮೀಬಾ ಮಿದುಳಿಗೆ ಏರಿದ ಪ್ರಕರಣಗಳಿವೆ.

ಮೂಗು ಬಿಡಿಸುವ ಸ್ಪ್ರೇ, ಅಂದರೆ ಕ್ಸೈಲೋಮೆಟಾಜೊಲಿನ್ 0.1% ಅಥವಾ ಆಕ್ಸಿಮೆಟಾಜೊಲಿನ್ 0.05%, ಕೆಲವೇ ನಿಮಿಷದಲ್ಲಿ ಮೂಗು ತೆರೆಯುತ್ತದೆ. ಕಿವಿಯೂ ತೆರೆಯುತ್ತದೆ ಎಂದು ಖಾತ್ರಿ ಇಲ್ಲ, ಏಕೆಂದರೆ ನಾಳದ ಬಾಯಿ ಬಹಳ ಹಿಂದಿದೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಾಕಿದರೆ ತುದಿ ತಾನಾಗಿ ನಡುಗೋಡೆ ಬಿಟ್ಟು ಕಿವಿಯ ಕಡೆ ತಿರುಗುತ್ತದೆ. ಮೂರು ದಿನ, ಹೆಚ್ಚೆಂದರೆ ಐದು. ಅದನ್ನು ದಾಟಿದರೆ ಸ್ಪ್ರೇಯಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ. ಬಿಪಿ, ಹೃದ್ರೋಗ, ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ) ಇರುವವರು ವೈದ್ಯರನ್ನು ಕೇಳಿ ಬಳಸಬೇಕು. ಸ್ಟೀರಾಯ್ಡ್ ಸ್ಪ್ರೇ ಬೇರೆ ಜಾತಿ. ಅದು ಅಲರ್ಜಿಯ ಮೂಗಿಗೆ, ದಿನಗಟ್ಟಲೆ ಬಳಸಿದ ಮೇಲೆ ಫಲ. ಇವತ್ತು ಕಟ್ಟಿದ ಕಿವಿಯನ್ನು ಇವತ್ತೇ ತೆರೆಯುತ್ತದೆ ಎಂದು ಕೊಂಡರೆ ನಿರಾಸೆ.

ಖರ್ಚಿಲ್ಲದ ಎರಡು ಉಪಾಯಗಳೂ ಇವೆ. ಮೂಗು ಹಿಡಿದು ನುಂಗುವುದು ಒಂದು. ಮೂಗು, ಬಾಯಿ ಮುಚ್ಚಿ ಎರಡು ಮೂರು ಸೆಕೆಂಡು ಮೆಲ್ಲಗೆ ಗಾಳಿ ಊದುವುದು ಇನ್ನೊಂದು. ಮೆಲ್ಲಗೆ ಎಂಬ ಮಾತು ಮುಖ್ಯ. ಮುಖ ಕೆಂಪಾಗುವ ಹಾಗೆ ಊದಿದರೆ ಒಳಕಿವಿಯ ಪೊರೆ ಹರಿಯುವ ಅಪಾಯವಿದೆ. ದಪ್ಪ ಸಿಂಬಳ ತುಂಬಿರುವಾಗ ಊದಿದರೆ ಸೋಂಕೂ ಕಿವಿಗೆ ಏರಬಹುದು, ಆಗ ನುಂಗುವುದೇ ವಾಸಿ.

ಮೂಗಿನಿಂದ ಊದಿ ಉಬ್ಬಿಸುವ ಬಲೂನ್ ಸಾಧನ ನೋಡಲು ತಮಾಷೆಯಾಗಿದೆ, ಆದರೆ ಈ ಪಟ್ಟಿಯಲ್ಲಿ ಪ್ರಯೋಗದ ಬೆಂಬಲ ಇರುವ ಕೆಲವೇ ಸಾಮಾನುಗಳಲ್ಲಿ ಅದೂ ಒಂದು. ತಮಟೆಯ ಹಿಂದೆ ದ್ರವ ನಿಂತ 4ರಿಂದ 11 ವರ್ಷದ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ ಮೂರು ಸಲ ಬಲೂನ್ ಊದಿದ ಮಕ್ಕಳಲ್ಲಿ ಒಂದು ತಿಂಗಳಿಗೆ ಸುಮಾರು 47% ಮಂದಿಗೆ ಕಿವಿ ಸರಿಹೋಗಿತ್ತು; ಊದದವರಲ್ಲಿ ಸುಮಾರು 36%. ಚಮತ್ಕಾರವಲ್ಲ, ಆದರೆ ನಿಜವಾದ ವ್ಯತ್ಯಾಸ. ಮಗುವಿಗೆ ಆಟವೆನಿಸಿದರೆ ಮಾತ್ರ ಸಾಗುತ್ತದೆ.

ವಿಮಾನಕ್ಕೆಂದು ಮಾರುವ ಒತ್ತಡದ ಇಯರ್ ಪ್ಲಗ್ ಬಗ್ಗೆ ನಮಗೆ ಅಷ್ಟೇನೂ ಉತ್ಸಾಹವಿಲ್ಲ. ಹಾರುವಾಗ ಕ್ಯಾಬಿನ್ನಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಿರುತ್ತದೆ. ಇಳಿಯುವಾಗ ಅದು ಏರುತ್ತದೆ. ಪ್ಲಗ್ ಆ ಏರಿಕೆಯನ್ನು ನಿಧಾನಿಸುತ್ತದೆ, ನಾಳವನ್ನಂತೂ ತೆರೆಯುವುದಿಲ್ಲ. ಇಳಿಯಲು ಶುರುವಾಗುವ ಅರ್ಧ ಗಂಟೆ ಮುಂಚೆ ಮೂಗಿನ ಸ್ಪ್ರೇ, ಇಳಿಯುವಾಗ ಎಚ್ಚರವಾಗಿದ್ದು ಪದೇ ಪದೇ ನುಂಗುವುದು, ಕೂಸಿಗೆ ಹಾಲು ಕುಡಿಸುವುದು ಇವು ಹೆಚ್ಚು ನೆಚ್ಚಬಹುದಾದವು.

ನೆಗಡಿಯ ಕಿವಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತೆರೆಯುತ್ತದೆ. ದ್ರವ ನಿಂತಿದ್ದರೆ ಇನ್ನೂ ಕೆಲವು ವಾರ ಹಿಡಿಯಬಹುದು. ದೊಡ್ಡವರಲ್ಲಿ ಒಂದೇ ಕಿವಿ ವಾರಗಟ್ಟಲೆ ಹೀಗೇ ಉಳಿದರೆ ಮೂಗಿನ ಹಿಂಭಾಗವನ್ನು ಎಂಡೋಸ್ಕೋಪ್‌ನಿಂದ ನೋಡಿಸಲೇಬೇಕು, ಅಲ್ಲಿ ಗಡ್ಡೆ ಇದ್ದರೂ ಮೊದಲ ಸೂಚನೆ ಇದೇ ಆಗಿರಬಹುದು.

ಕ್ಲಿನಿಕ್ಕಿನ ಸೇವೆ

ಮನೆಯ ಪ್ರಯತ್ನ ಫಲಿಸದಿದ್ದರೆ ಅಥವಾ ಮನೆಯಲ್ಲಿ ಮಾಡಬಾರದವರ ಪಟ್ಟಿಯಲ್ಲಿ ನೀವಿದ್ದರೆ ಮೈಕ್ರೋಸಕ್ಷನ್ ಕೇಳಿ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಸಣ್ಣ ಕೊಳವೆಯಿಂದ ಗುಗ್ಗೆ ಎಳೆಯುತ್ತಾರೆ. ನೀರಿಲ್ಲದ್ದರಿಂದ ತಮಟೆ ತೂತಿದ್ದವರಿಗೂ ಆಗುತ್ತದೆ. ಸದ್ದು ಮಾತ್ರ ಭಯಂಕರ, ಗಾಳಿಯ ತಂಪಿಗೆ ಒಂದೆರಡು ಕ್ಷಣ ತಲೆ ತಿರುಗುವುದೂ ಉಂಟು. ಮೂರ್ನಾಲ್ಕು ದಿನ ಮುಂಚೆ ಆಲಿವ್ ಎಣ್ಣೆ ಹಾಕಿ ಹೋದರೆ ಕೆಲಸ ಬೇಗ ಮುಗಿಯುತ್ತದೆ. ಹಳೆಯ ಕಾಲದ ಲೋಹದ ದೊಡ್ಡ ಸಿರಿಂಜ್ ತೆಗೆದರೆ ‘ಬೇರೆ ವಿಧಾನ ಇದೆಯೇ’ ಎಂದು ಕೇಳಲು ಸಂಕೋಚ ಬೇಡ. ಅದರ ಒತ್ತಡಕ್ಕೆ ಹದ್ದುಬಸ್ತಿಲ್ಲ.

ಸೇವೆ ಒಳ್ಳೆಯದೋ ಅಲ್ಲವೋ ಎಂಬುದು ಮೊದಲ ಎರಡು ನಿಮಿಷದಲ್ಲೇ ತಿಳಿಯುತ್ತದೆ. ಹಿಂದೆ ಕಿವಿ ಸೋರಿತ್ತೇ, ಆಪರೇಷನ್ ಆಗಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಬೇಕು, ಎರಡೂ ಕಿವಿ ನೋಡಬೇಕು. ಮುಗಿದ ಮೇಲೆ ತಮಟೆ ಹೇಗಿದೆ ಎಂದು ಹೇಳಬೇಕು. ಗುಗ್ಗೆ ತೆಗೆದ ಮೇಲೂ ಕೇಳಿಸದಿದ್ದರೆ ‘ನಾಳೆ ಸರಿಹೋಗುತ್ತೆ’ ಎಂದು ಕಳಿಸದೆ ಶ್ರವಣ ಪರೀಕ್ಷೆಗೆ ಬರೆದುಕೊಡಬೇಕು.

ಕಿವಿಗೆ ಹುಳ ಹೋಗಿದ್ದರೆ ಎಣ್ಣೆ ಬಿಟ್ಟು ಸಾಯಿಸಿ, ತೆಗೆಯುವುದನ್ನು ವೈದ್ಯರಿಗೆ ಬಿಡಿ. ಕಾಳು, ಬೀಜ ಸಿಕ್ಕಿಕೊಂಡಿದ್ದರೆ ನೀರು ಬಿಟ್ಟರೆ ಉಬ್ಬುತ್ತದೆ, ಬಿಡಬೇಡಿ. ಮಗು ಬಟನ್ ಬ್ಯಾಟರಿ ಹಾಕಿಕೊಂಡಿದ್ದರೆ ಹನಿ, ನೀರು, ಎಣ್ಣೆ ಯಾವುದೂ ಬೇಡ. ಕೆಲವೇ ಗಂಟೆಗಳಲ್ಲಿ ಅದು ಸುತ್ತಲಿನ ಚರ್ಮವನ್ನು ಸುಡುತ್ತದೆ, ರಾತ್ರಿಯಾಗಿದ್ದರೂ ನೇರ ಆಸ್ಪತ್ರೆಗೆ ಹೋಗಿ.

ಗುಗ್ಗೆ ಹೋದ ಮೇಲೆ ಒಂದೆರಡು ದಿನ ಸದ್ದೆಲ್ಲ ಜೋರಾಗಿ, ಕರ್ಕಶವಾಗಿ ಕೇಳಿಸುತ್ತದೆ. ನಾಲ್ಕೈದು ದಿನ ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಯ ಬಾಗಿಲಲ್ಲಿಡಿ. ಶ್ರವಣಯಂತ್ರ ಅಥವಾ ಇಯರ್‌ಫೋನ್ ದಿನವಿಡೀ ಹಾಕುವವರಿಗೆ ಗುಗ್ಗೆ ಹೊರಬರುವ ದಾರಿಯೇ ಮುಚ್ಚಿರುತ್ತದೆ, ಆದ್ದರಿಂದ ಅವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಯಂತ್ರ ಕಾರಣವಿಲ್ಲದೆ ಸಿಳ್ಳೆ ಹೊಡೆಯಲು ಶುರುಮಾಡಿದರೆ ರಿಪೇರಿಗೆ ಕೊಡುವ ಮುಂಚೆ ಕಿವಿ ನೋಡಿಸಿ.